ಅಸಾಬಿಗೆ ಕೊಟ್ಟ ಮಗ

ಮೊರೆನಿಕೆ ಅಜ್ಜಿ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋದಳು, ಪಪ್ಪಾಯಿ ಗಿಡದ ಬುಡಕ್ಕೆ ಬಗ್ಗಿಸಿದಳು, ಖಾಲಿ ಪಾತ್ರೆಯನ್ನು ತಂದು ಒಲೆಯ ಪಕ್ಕ ಬೋರಲು ಹಾಕಿದಳು. ಅಷ್ಟು ಹೊತ್ತೂ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಾಡಬೇಕಾದ ಕೆಲಸ ಮಾಡಿ ಮುಗಿಸಿದ ಹೆಂಗಸಿನ ಸಮಾಧಾನವಿತ್ತು.

ಸೊಸೆ ವುರಾವೋಲ ಗೆಣಸಿನ ಹಿಟ್ಟಿನ ಅಮಲಾ ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದೇ ನಿಂತಳು.

"ಅತ್ತೆ, ಅದು ಎಲ್ಲರ ಮಧ್ಯಾಹ್ನದ ಊಟ. ಅದರಲ್ಲಿ ಮೀನಿತ್ತು."

"ಗೊತ್ತು. ಮೀನಿನ ಹೊಟ್ಟೆಯೊಳಗೇ ಇಟ್ಟಿದ್ದೀಯ ವಿಷ. ನನಗೇನು ಕಣ್ಣಿಲ್ವಾ?"

"ನಾನೂ ಅದನ್ನೇ ತಿನ್ನೋಳಲ್ವಾ?"

"ನೀನು ತಿಂತೀಯ. ನಿನಗೆ ಒಗ್ಗಿಹೋಗಿದೆ."

ವುರಾಗೆ ನಗು ಬರಬೇಕಿತ್ತು, ಬರಲಿಲ್ಲ. ಮುದ್ದೆ ತಳ ಹಿಡಿಯುವ ವಾಸನೆ ಬಂತು. ಆ ದಿನ ಮನೆಯವರೆಲ್ಲ ಅಮಲಾವನ್ನು ಬರೀ ಮೆಣಸಿನ ಗೊಜ್ಜಿನಲ್ಲಿ ಅದ್ದಿಕೊಂಡು ತಿಂದರು. ಅಜ್ಜಿ ಎಲ್ಲರಿಗಿಂತ ಹೆಚ್ಚು ತಿಂದಳು, ಕೊನೆಯಲ್ಲಿ ಕೈ ನೆಕ್ಕುತ್ತ, "ಯಾಕೆ, ಈ ಮನೇಲಿ ಸಾರು ಮಾಡೋದು ಬಿಟ್ರಾ?" ಎಂದು ಕೇಳಿದಳು.

ಮರೆವು ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಮರೆವಿನೊಂದಿಗೆ ಮನೆಯವರು ಹೇಗೋ ಹೊಂದಿಕೊಂಡಿದ್ದರು. ಹಾಕಿದ ಚಪ್ಪಲಿಯನ್ನೇ ಹುಡುಕುವುದು, ಸತ್ತ ಗಂಡನಿಗೆ ತಟ್ಟೆ ಇಡುವುದು, ಇವೆಲ್ಲ ನಗುವ ಮಾತಾಗಿದ್ದವು. ಆದರೆ ಈ ವರ್ಷ ಹಾರ್ಮಟಾನ್ ಗಾಳಿ ಬೀಸಿ, ಇಬಾದಾನ್ ಊರಿನ ತಗಡಿನ ಮಾಡುಗಳೆಲ್ಲ ಮರಳುಗಾಡಿನ ಧೂಳಲ್ಲಿ ಮುಳುಗಿದ ಹೊತ್ತಿಗೆ ಅವಳ ಸ್ವಭಾವವೇ ತಿರುಗಿತು. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಒಂದೊಂದೇ ಪೆಟ್ಟಿಗೆ ತೆಗೆದು ತನ್ನ ಅಡಿರೆ ಬಟ್ಟೆಗಳನ್ನು ಹರವುವಳು. ನೀಲಿ ಬಣ್ಣದಲ್ಲಿ ಅದ್ದಿ ತೆಗೆದ ಆ ಬಟ್ಟೆಗಳನ್ನು ಅವಳೇ ಕೋಳಿಗರಿ ಹಿಡಿದು ಗಂಜಿಯಲ್ಲಿ ಚಿತ್ತಾರ ಬರೆದು ಮಾಡಿದ್ದು. ಅದನ್ನು ಮಾರಿಯೇ ಈ ಮನೆ ಕಟ್ಟಿಸಿದ್ದು. ಹರವಿ, ನೋಡಿ, "ಒಂದು ಹೋಗಿದೆ" ಅನ್ನುವಳು. ಆಮೇಲೆ ರಂಪ. ವುರಾಳ ತಲೆಯ ಮೇಲಿನ ವಸ್ತ್ರ ಕಿತ್ತು ಎಳೆಯುವಳು, ಕೈಗೆ ಕಚ್ಚುವಳು. ಒಂದು ಸಲ ಸೌಟಿನಲ್ಲಿ ಹೊಡೆದು ಹುಬ್ಬಿನ ಮೇಲೆ ಗಾಯ ಮಾಡಿದ್ದಳು. ಓಜೆ ಮಾರುಕಟ್ಟೆಯಲ್ಲಿ ವುರಾಳ ಗೆಣಸಿನ ಹಿಟ್ಟಿನ ಅಂಗಡಿ. ಪಕ್ಕದಂಗಡಿಯವಳು ಗಾಯ ನೋಡಿ ಏನನ್ನೂ ಕೇಳದೆ, ತನ್ನ ಡಬ್ಬಿಯಿಂದ ಶಿಯಾ ಬೆಣ್ಣೆ ತೆಗೆದು ಹಚ್ಚಿದ್ದಳು. ಕೇಳದಿದ್ದದ್ದೇ ದೊಡ್ಡ ಉಪಕಾರ.

ಕೇಳುವವಳು ಬೇರೆ ಇದ್ದಳು. ಗಂಡನ ಅಕ್ಕ ಅಡುನ್ನಿ. ಪ್ರತಿ ಭಾನುವಾರ ಚರ್ಚು ಮುಗಿಸಿ, ತಾಯಿಗೆಂದು ಮೆತ್ತನೆಯ ಮಾಂಸ ಕಟ್ಟಿಸಿಕೊಂಡು, ತಲೆಗೆ ಗರಿಗರಿ ರುಮಾಲು ಬಿಗಿದುಕೊಂಡು ಬರುವಳು. ಬಂದವಳ ಮುಂದೆ ಅಜ್ಜಿ ಅಳುವಳು.

"ಮಗಳೇ, ಇವಳು ನನ್ನ ಬಟ್ಟೆ ಮಾರಿಕೊಂಡು ತಿಂತಿದ್ದಾಳೆ. ನನಗೆ ಸಾರಲ್ಲಿ ಏನೋ ಹಾಕ್ತಾಳೆ."

"ಕೇಳಿದ್ಯಾ ಡೊಲಾಪೊ ಅಮ್ಮ?" ಎಂದಳು ಅಡುನ್ನಿ. ಈ ಊರಲ್ಲಿ ಹೆತ್ತವಳನ್ನು ಮಗುವಿನ ಹೆಸರಿಂದಲೇ ಕರೆಯುವುದು. ವುರಾಳ ಒಬ್ಬಳೇ ಮಗಳು ಡೊಲಾಪೊ.

"ಕೇಳಿದೆ ಅಕ್ಕ. ದಿನಾ ಕೇಳ್ತೀನಿ. ಅವರಿಗೆ ಮರೆವಿನ ಕಾಯಿಲೆ."

"ಮರೆವಿದ್ದೋಳಿಗೆ ನನ್ನ ಹೆಸರು ನೆನಪಿದೆ. ನಾನು ತಂದ ಮಾಂಸ ಎಷ್ಟು ತುಂಡು ಅಂತ ನೆನಪಿದೆ. ನೀನು ಕದ್ದದ್ದು ಮಾತ್ರ ಮರೆವಿನಿಂದ ಹುಟ್ಟಿದ ಮಾತಾ?"

"ನನ್ನ ಕೋಣೆ ನೋಡಿ ಬೇಕಾದ್ರೆ."

ಅದನ್ನು ಮಾತಿಗೆ ಹೇಳಿದ್ದು. ಅಡುನ್ನಿ ಎದ್ದು ಹೋಗಿ ನಿಜಕ್ಕೂ ನೋಡಿದಳು. ಹಾಸಿಗೆ ಎತ್ತಿ, ಹಿಟ್ಟಿನ ಚೀಲಕ್ಕೆ ಕೈ ಹಾಕಿ ಮೊಣಕೈವರೆಗೂ ಬೆಳ್ಳಗಾಗಿ ಬಂದಳು. ವುರಾ ನೀರು ತಂದು ಅವಳ ಕೈಗೆ ಹೊಯ್ದಳು. ಗಂಡ ಅಕಿನಾಡೆ ಶಾಲಾ ಮೇಷ್ಟ್ರು. ಅವನು ಜಗಲಿಯಲ್ಲಿ ಕೂತು ತಾಯಿಗೆ ಕಿತ್ತಳೆ ಸುಲಿದು ಬೀಜ ಬಿಡಿಸಿ ಕೊಡುತ್ತಿದ್ದ, ತಲೆ ಎತ್ತಲಿಲ್ಲ.

"ನೀವಾದ್ರೂ ಒಂದು ಮಾತು ಆಡಬಾರದಾ?" ಎಂದಳು ವುರಾ, ಅಡುನ್ನಿ ಹೋದ ಮೇಲೆ.

"ಏನು ಆಡ್ಲಿ? ಒಬ್ಬಳು ಹೆತ್ತೋಳು, ಒಬ್ಬಳು ಬೆನ್ನ ಮೇಲೆ ಹೊತ್ತೋಳು."

"ನಾನು?"

"ನೀನು ನನ್ನ ಹೆಂಡತಿ. ನೀನು ಅರ್ಥ ಮಾಡ್ಕೋತೀಯ."

ಅರ್ಥ ಮಾಡಿಕೊಂಡು ಮಾಡಿಕೊಂಡು ವುರಾಗೆ ಐವತ್ತಾರು ವರ್ಷವಾಗಿತ್ತು.

ಹಾಗಾಗಿ ದೊಡ್ಡಾಸ್ಪತ್ರೆಯಿಂದ ಬಮಿಸೆ ಎಂಬ ಹುಡುಗಿ ಇಂಥ ಮುದುಕರನ್ನು ಬೀದಿ ಬೀದಿ ಹುಡುಕಿಕೊಂಡು ಬಂದಾಗ ಬಾಗಿಲು ತೆರೆದು ಒಳಗೆ ಕರೆದವಳು ವುರಾಳೇ. ಬಮಿಸೆ ಮರೆವಿನ ರೋಗದ ಬಗ್ಗೆ ಸಂಶೋಧನೆ ಮಾಡುವವಳು. ಮರೆವು ಬಂದ ಮುದುಕರಲ್ಲಿ ಕೆಲವರು ಸುಮ್ಮನೆ ಕೂರುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಬಡಿಯುತ್ತಾರೆ, ಮನೆಯವರ ಮೇಲೆ ಸಂಶಯ ಪಡುತ್ತಾರೆ. ಯಾಕೆ ಹೀಗೆ ಬೇರೆ ಬೇರೆ, ಅದರ ಗುರುತು ರಕ್ತದಲ್ಲಿ ಸಿಕ್ಕುತ್ತದೆಯೇ ಎಂದು ಆಸ್ಪತ್ರೆಯವರು ಹುಡುಕುತ್ತಿದ್ದರು.

"ಸಂಶಯದ ಗುರುತು ರಕ್ತದಲ್ಲಿ ಇರುತ್ತಾ?" ವುರಾ ಕೇಳಿದಳು.

"ಇರಬಹುದು ಅಂತ, ಅಮ್ಮ. ಮಿದುಳು ಸವೆಯುವಾಗ, ಒಳಗೊಳಗೆ ಊದಿಕೊಂಡಾಗ, ಅದರ ಕೆಲವು ಪ್ರೋಟೀನುಗಳು ರಕ್ತಕ್ಕೆ ಇಳೀತವೆ. ಯಾರಲ್ಲಿ ಜಾಸ್ತಿಯೋ ಅವರಲ್ಲಿ ರಂಪ ಜಾಸ್ತಿ ಅನ್ನೋ ಹಾಗೆ ಕಾಣ್ತಿದೆ. ಇನ್ನೂ ಕಲೀತಿದ್ದೀವಿ."

"ಅಂದ್ರೆ ನಾನು ಕದೀದೆ ಇದ್ರೂ ಅವರಿಗೆ ಕದ್ದ ಹಾಗೆ ಕಾಣೋದು ರಕ್ತದಿಂದ?"

"ಕಾಯಿಲೆಯಿಂದ," ಎಂದಳು ಬಮಿಸೆ. ಹುಬ್ಬಿನ ಗಾಯ ನೋಡಿ ದನಿ ತಗ್ಗಿಸಿದಳು. "ನಿಮ್ಮಿಂದ ಅಲ್ಲ."

ಅವಳು ಅಜ್ಜಿಯ ಮುಂದೆ ನೆಲಕ್ಕೆ ಮಂಡಿಯೂರಿ ನಮಸ್ಕರಿಸಿ, ಸೂಜಿಯನ್ನು ಅಂಗೈಯಲ್ಲಿ ಮರೆಮಾಡಿಕೊಂಡು, ಬಟ್ಟೆಯ ಚಿತ್ತಾರದ ಬಗ್ಗೆ ಕೇಳಿದಳು. ಗರಿ ಯಾವ ಕೋಳಿಯದು, ಗಂಜಿ ಎಷ್ಟು ಮಂದ. ಅಜ್ಜಿ ಹೇಳುತ್ತ ಹೇಳುತ್ತ ತೋಳು ಚಾಚಿದಳು. ರಕ್ತ ತೆಗೆದದ್ದು ಅವಳಿಗೆ ತಿಳಿಯಲೇ ಇಲ್ಲ. ಹೋಗುವ ಮೊದಲು ಬಮಿಸೆ ಅಜ್ಜಿಯ ಬಾಯಿ ತೆಗೆಸಿ ನೋಡಿ, "ಇಲ್ಲೊಂದು ಹಲ್ಲು ಕೊಳೆತಿದೆ, ನೋವಿರಬೇಕು. ನೋವಿದ್ರೆ ಸಿಟ್ಟು ಹೆಚ್ಚು. ಸಂಜೆ ಕತ್ತಲಾಗೋ ಮುಂಚೆ ದೀಪ ಹಾಕಿ, ಒಬ್ಬರೇ ಬಿಡಬೇಡಿ," ಎಂದಳು.

ಹಲ್ಲಿನ ಮಾತು ಯಾರ ತಲೆಗೂ ಹೋಗಲಿಲ್ಲ. ವುರಾಗೆ ಬೇಕಿದ್ದದ್ದು ರಕ್ತದ ಮಾತು.

ಒಬ್ಬೊಬ್ಬರ ಫಲಿತಾಂಶ ಮನೆಯವರಿಗೆ ಹೇಳುವ ಪದ್ಧತಿಯಿಲ್ಲ ಎಂದು ಬಮಿಸೆ ಎಷ್ಟೋ ಸಲ ಹೇಳಿದಳು. ವುರಾ ಬಿಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಸಿ ಮೊಯಿಮೊಯಿ ಕಡುಬು ಹಿಡಿದುಕೊಂಡು ಕೂತಳು. ಮತ್ತೊಂದು ದಿನ ಕೂತಳು. ಕೊನೆಗೆ ಒಂದು ಭಾನುವಾರ ಬಮಿಸೆ ಮನೆಗೇ ಬಂದು, ಅಕಿನಾಡೆ, ಅಡುನ್ನಿ, ಎಲ್ಲರ ಮುಂದೆ ಹೇಳಿದಳು. ಅಜ್ಜಿಯ ರಕ್ತದಲ್ಲಿ ಆ ಗುರುತು ಬಹಳ ಮೇಲಿದೆ. ಅವಳ ಸಂಶಯ, ಹೊಡೆತ ಎಲ್ಲ ರೋಗದ್ದು. ಸೊಸೆಯನ್ನು ದೂರಬೇಡಿ. ಹೇಳಬಾರದ್ದನ್ನು ಹೇಳುತ್ತಿದ್ದೇನೆ ಎಂಬ ಅಳುಕು ಹುಡುಗಿಯ ಮುಖದಲ್ಲಿತ್ತು. ಆದರೂ ಹೇಳಿದಳು.

ಅಡುನ್ನಿ ತಾಯಿಗೆ ತಂದ ಮಾಂಸದ ಪೊಟ್ಟಣವನ್ನು ಮೊದಲ ಬಾರಿಗೆ ವುರಾಳ ಕೈಗೆ ಕೊಟ್ಟಳು.

"ರಕ್ತ ಹೇಳಿದ ಮೇಲೆ ನಾನೇನು ಹೇಳಲಿ," ಎಂದಳು.

ವುರಾ ಅಡುಗೆಮನೆಗೆ ಹೋಗಿ ಉಟ್ಟ ಬಟ್ಟೆಯ ಅಂಚಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮರುದಿನ ಓಜೆ ಮಾರುಕಟ್ಟೆಯಲ್ಲಿ ಹಿಟ್ಟು ಅಳೆಯುತ್ತ ಪಕ್ಕದಂಗಡಿಯವಳಿಗೆ ಹೇಳಿದಳು, ಮೆಣಸಿನವಳಿಗೆ ಹೇಳಿದಳು, ಚರ್ಚಿನ ಹೆಂಗಸರಿಗೆ ಹೇಳಿದಳು. "ನನ್ನತ್ತೆ ಕಳ್ಳಿ ಕಳ್ಳಿ ಅಂತ ಕೂಗ್ತಿದ್ದದ್ದು ನೀವೆಲ್ಲ ಕೇಳಿದ್ದೀರಲ್ಲ? ದೊಡ್ಡಾಸ್ಪತ್ರೆಯವರು ರಕ್ತ ನೋಡಿದ್ರು. ದೋಷ ಅವರ ರಕ್ತದಲ್ಲೇ ಇದೆ." ಎಷ್ಟೋ ತಿಂಗಳ ಮೇಲೆ ಅವಳು ತಲೆ ಎತ್ತಿ ನಡೆದಳು. ಒಂದು ವಾರ ಹಾಗೆ ನಡೆದಿರಬಹುದು.

ರಕ್ತದ ಮಾತನ್ನು ಈ ಊರಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹುಡುಗ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮೊದಲೇ ಒಬ್ಬರ ರಕ್ತದ ಕಾಗದ ಒಬ್ಬರು ಕೇಳುತ್ತಾರೆ. ಎರಡೂ ಕಡೆ ಎಎಸ್, ಅಂದರೆ ಅರ್ಧ ದೋಷದ ಗುರುತು, ಬಂದರೆ ಹುಟ್ಟುವ ಮಕ್ಕಳಿಗೆ ಮೂಳೆ ಮುರಿದಂತೆ ನೋವು ತರುವ ಕುಡುಗೋಲು ಕಣದ (ಸಿಕಲ್ ಸೆಲ್) ರೋಗ ಬರಬಹುದು. ಪಾದ್ರಿಯೇ ಮದುವೆ ಮಾಡಿಸುವುದಿಲ್ಲ ಎನ್ನುತ್ತಾನೆ. ಡೊಲಾಪೊ ಎಎಸ್. ಅವಳು ಮೊದಲು ಒಲಿದ ಹುಡುಗನೂ ಎಎಸ್. ನಾಲ್ಕು ವರ್ಷದ ಒಲವು ಒಂದು ಮಧ್ಯಾಹ್ನ ಮುಗಿದುಹೋಯಿತು. ಆಮೇಲೆ ಹೊಲಿಗೆ ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತವಳು ಮೂವತ್ತು ತುಂಬುವ ಹೊತ್ತಿಗೆ ಒಗ್ಬೊಮೊಶೊ ಊರಿನ ನಿಯಿ ಎಂಬುವನನ್ನು ಕಂಡಳು. ಅವನು ಎಎ, ದೋಷವಿಲ್ಲದ ರಕ್ತ. ಕಾಗದ ನೋಡಿದ ದಿನ ಡೊಲಾಪೊ ಅಜ್ಜಿಯ ಕಾಲ ಬಳಿ ಕೂತು, ಹಾಡು ಗುನುಗುತ್ತ, ಅವಳ ಹತ್ತೂ ಬೆರಳಿನ ಉಗುರು ಕತ್ತರಿಸಿದ್ದಳು.

ನಿಯಿಯ ತಾಯಿ ಬಂದದ್ದು ಬುಧವಾರ. ಸಣ್ಣ ದನಿಯ, ಮೆಲ್ಲಗೆ ನಡೆಯುವ ಹೆಂಗಸು. ವುರಾ ಕಡೆದಿಟ್ಟ ಎವೆದು ಸೊಪ್ಪಿನ ಸಾರು, ಅಮಲಾ, ಬೇಯಿಸಿದ ಹಸುವಿನ ಚರ್ಮದ ತುಂಡು ಬಡಿಸಿದಳು. ಆಕೆ ಎಲ್ಲ ಹೊಗಳಿ ಹೊಗಳಿ ತಿಂದಳು. ಕೈ ತೊಳೆದ ಮೇಲೆ ಹೇಳಿದಳು.

"ಡೊಲಾಪೊ ಅಮ್ಮ, ನಮ್ಮ ಕಡೆಯವರೊಬ್ಬರು ಓಜೆಯಲ್ಲಿ ಮೆಣಸು ಮಾರ್ತಾರೆ. ನಿಮ್ಮತ್ತೆಯ ರಕ್ತದಲ್ಲಿ ಏನೋ ಇದೆಯಂತೆ. ನೀವೇ ಹೇಳಿದ್ರಂತೆ."

ವುರಾಳ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ಅದು ಮುಪ್ಪಿನ ಕಾಯಿಲೆ. ಅದು ಬೇರೆ."

"ಎಎಸ್ ಕೂಡ ಮೊದಲು ಬೇರೆ ಅಂತಲೇ ಅಂದ್ಕೊಂಡಿದ್ವಿ. ಅಜ್ಜಿಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ. ರಕ್ತ ಕೆಳಗೇ ಹರಿಯೋದು, ಮೇಲಕ್ಕಲ್ಲ. ನಾಳೆ ನನಗೆ ವಯಸ್ಸಾದಾಗ ನನ್ನ ಸೊಸೆ ನನ್ನನ್ನ ಕಚ್ಚಬಾರದಲ್ಲ?" ಎಂದು ನಕ್ಕಳು. "ಕೆಟ್ಟ ಮಾತಲ್ಲ. ಹುಡುಗಿಯದೂ ಒಂದು ಸಲ ನೋಡಿಸಿಬಿಡಿ. ಚೆನ್ನಾಗಿದೆ ಅಂತ ಒಂದು ಕಾಗದ ಬಂದ್ರೆ ಸಾಕು."

ವುರಾ ಬಮಿಸೆಯ ಹತ್ತಿರ ಓಡಿದಳು. ಬಮಿಸೆಗೆ ಮೊದಲು ಮಾತೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುರ್ಚಿ ಎಳೆದು ವುರಾಳನ್ನು ಕೂರಿಸಿದಳು.

"ಅಮ್ಮ, ಇದು ಆ ಥರದ ರಕ್ತಪರೀಕ್ಷೆ ಅಲ್ಲ. ಈಗಿನ ಮಿದುಳಿನ ಸ್ಥಿತಿ ಹೇಳುತ್ತೆ, ಅಷ್ಟೆ. ಅಪ್ಪಅಮ್ಮನಿಂದ ಬಂದದ್ದು ಅಂತ ಹೇಳಲ್ಲ. ಆರೋಗ್ಯವಾಗಿರೋ ಮೂವತ್ತರ ಹುಡುಗೀಗೆ ಮಾಡಿದ್ರೆ ಏನೂ ತಿಳಿಯಲ್ಲ."

"ಏನೂ ಇಲ್ಲ ಅಂತ ಬರ್ಕೊಡು ಮಗಳೇ."

"ಇವತ್ತು ಇಲ್ಲ ಅಂತ ಬರೀಬಹುದು. ಮುಂದೆಂದೂ ಬರಲ್ಲ ಅಂತ ಯಾರಿಗೂ ಬರ್ಕೊಡೋಕಾಗಲ್ಲ. ನನಗೂ ಬರಬಹುದು. ನಾನೇ ಹೋಗಿ ಅವರಿಗೆ ಹೇಳ್ತೀನಿ."

ಹೋಗಿ ಹೇಳಿದಳು, ಪಾಪ. ಬಸ್ಸಿನಲ್ಲಿ ಒಗ್ಬೊಮೊಶೊ ತನಕ ಹೋಗಿ ಹೇಳಿದಳು. ನಿಯಿಯ ತಾಯಿ ಅವಳಿಗೆ ತಣ್ಣನೆಯ ನೀರು ಕೊಟ್ಟು, ಎಲ್ಲ ಕೇಳಿ, ಕಳಿಸಿದಳು. "ಬರೆದುಕೊಡೋಕೆ ಆಗದ ರಕ್ತ ಅಂದ್ರೆ ಕೆಟ್ಟ ರಕ್ತಕ್ಕಿಂತ ಕಡೆ," ಎಂದು ಮಗನಿಗೆ ಹೇಳಿದಳು. ನಿಯಿ ಅದನ್ನು ಡೊಲಾಪೊಗೆ ಫೋನಿನಲ್ಲಿ ಹೇಳಿದ.

ಆ ಸಂಜೆ ಡೊಲಾಪೊ ಯಂತ್ರದ ಮುಂದಿಂದ ಎದ್ದು ನಡುಮನೆಗೆ ಬಂದಳು. ಅಜ್ಜಿ ಬಟ್ಟೆ ಹರವಿಕೊಂಡು ಗೊಣಗುತ್ತಿದ್ದಳು.

"ಮುಗೀತಾ ಅಜ್ಜಿ? ನನ್ನದೂ ಹರವು. ನನ್ನ ಬದುಕನ್ನೂ ಹರವಿ ಒಂದು ಹೋಗಿದೆ ಅನ್ನು."

"ಡೊಲಾಪೊ," ಎಂದಳು ವುರಾ.

"ನೀನು ಮಾತಾಡಬೇಡ ಅಮ್ಮ. ಕಳ್ಳಿ ಅನ್ನಿಸ್ಕೊಂಡ್ರೆ ನಿನಗೇನು ಹೋಗ್ತಿತ್ತು? ವಯಸ್ಸಾದೋಳು ಒಂದು ಮಾತು ಅಂತಾಳೆ, ಅನ್ನಿಸ್ಕೊಂಡು ಸುಮ್ನಿರೋಕಾಗಲಿಲ್ಲ. ಊರಿಗೆಲ್ಲ ಡಂಗುರ ಸಾರಿದೆ. ನಿನ್ನ ಮರ್ಯಾದೆ ಬಂತು. ನನ್ನ ಮದುವೆ ಹೋಯ್ತು."

"ನನಗೆ ಹೀಗಾಗುತ್ತೆ ಅಂತ ಗೊತ್ತಿತ್ತಾ?"

"ಯಾಕೆ ಗೊತ್ತಿರಲಿಲ್ಲ? ಈ ಊರಲ್ಲೇ ಹುಟ್ಟಿದೋಳಲ್ವಾ ನೀನು?"

ಅಜ್ಜಿ ಮೊಮ್ಮಗಳ ಕಡೆ ನೋಡಿ, "ಈ ಹುಡುಗಿ ಚೆಂದ ಬೈತಾಳೆ. ಯಾರ ಮಗಳು?" ಎಂದಳು. ಡೊಲಾಪೊ ಅವಳ ತೋಳು ಹಿಡಿದೆಳೆದು ಕೋಣೆಗೆ ನೂಕಿ ಚಿಲಕ ಹಾಕಿದಳು. ಒಳಗಿಂದ ಬಡಿಯುವ ಸದ್ದು. ವುರಾ ಚಿಲಕ ತೆಗೆಯಲು ಹೋದಾಗ ಅಕಿನಾಡೆ, "ಸ್ವಲ್ಪ ಹೊತ್ತು ಇರಲಿ ಬಿಡು," ಎಂದ. ಬಾಡಿಗೆಗೆ ಇದ್ದ ಪಕ್ಕದ ಮನೆಯವರು ಮರ್ಯಾದಸ್ತರು. ಕೇಳಿಸದಂತೆ ತಮ್ಮ ರೇಡಿಯೊ ಜೋರು ಮಾಡಿಕೊಂಡರು.

ಭಾನುವಾರ ಅಡುನ್ನಿ ಬಂದಳು. ಎಲ್ಲ ಕೇಳಿದಳು. ಮಾಂಸದ ತುಂಡನ್ನು ಅಗಿದು ಮುಗಿಸುವವರೆಗೂ ಯೋಚಿಸಿದಳು. ವ್ಯಾಪಾರದ ಹೆಂಗಸು, ಅವಳ ಯೋಚನೆಗೆ ಗಂಟು ಇರುವುದಿಲ್ಲ.

"ಅಮ್ಮನ ರಕ್ತ ಕೆಳಗೆ ಹರಿಯುತ್ತೆ ಅಂತ ತಾನೇ ಅವರ ಭಯ? ಹಾಗಾದ್ರೆ ಅಕಿನಾಡೆ ಅಮ್ಮನ ಹೊಟ್ಟೇಲಿ ಹುಟ್ಟಲೇ ಇಲ್ಲ ಅನ್ನೋಣ."

ಅಡುನ್ನಿ ಕೈ ಒರೆಸಿಕೊಂಡು ಮುಂದುವರಿಸಿದಳು.

"ಅಪ್ಪನಿಗೆ ಇಬ್ಬರು ಹೆಂಡಿರು. ಅಸಾಬಿ ಚಿಕ್ಕಮ್ಮ ಸತ್ತು ಇಪ್ಪತ್ತೈದು ವರ್ಷ ಆಯ್ತು. ಇವನು ಅವಳ ಮಗ. ನಾನು ಮಾತ್ರ ಅಮ್ಮನ ಮಗಳು. ನನ್ನ ಮಕ್ಕಳ ಮದುವೆ ಆಗಿದೆ, ಆ ರಕ್ತ ನನಗೇ ಇರಲಿ. ಒಗ್ಬೊಮೊಶೊದವರಿಗೆ ಇದೆಲ್ಲ ಯಾರು ಹೇಳ್ತಾರೆ? ಹಳಬರೆಲ್ಲ ಮಣ್ಣು ಸೇರಿದ್ರು. ಇಲ್ಲಿರೋರು ಬಾಡಿಗೆಯೋರು."

"ನಾನು ಮಾರುಕಟ್ಟೇಲಿ ಅತ್ತೆ ಅಂತ ಹೇಳಿದ್ದೀನಿ," ಎಂದಳು ವುರಾ.

"ಮಾವನ ದೊಡ್ಡ ಹೆಂಡತಿಯೂ ಅತ್ತೆಯೇ. ಮಗನೂ ಅವಳನ್ನ ಅಮ್ಮ ಅಂತಲೇ ಕರೀಬೇಕು. ನಮ್ಮಲ್ಲಿ ಯಾರು ಯಾರ ಹೊಟ್ಟೆ ಅಂತ ಕೇಳೋದು ಅಸಭ್ಯ. ಅದೇ ಈಗ ಅನುಕೂಲ."

"ಬದುಕಿರೋ ತಾಯಿನ ಇಲ್ಲ ಅನ್ನೋದಾ ಅಕ್ಕ? ಈ ಮನೆ ಅವರು ಕಟ್ಟಿಸಿದ್ದು. ಅಸಾಬಿಯವರಿಗೆ ಮಕ್ಕಳೇ ಇರಲಿಲ್ಲ."

"ಬದುಕಿದ್ದಾಗ ಇರಲಿಲ್ಲ. ಬಂಜೆ ಅಂತ ಅಮ್ಮನೇ ಅವಳನ್ನ ಬಾವಿಕಟ್ಟೆ ಮೇಲೆ ಆಡಿಕೊಂಡಿದ್ದು ನನಗೆ ನೆನಪಿದೆ. ಸತ್ತ ಮೇಲೆ ಒಂದು ಮಗ ಕೊಟ್ರೆ ಯಾರಪ್ಪನ ಗಂಟು ಹೋಗುತ್ತೆ? ಅಮ್ಮನಿಗೆ ಗೊತ್ತಾಗೋದೂ ಇಲ್ಲ."

ವುರಾ ಗಂಡನ ಕಡೆ ನೋಡಿದಳು. ಅವನು ಬೇಡ ಎನ್ನುತ್ತಾನೆಂದು ಅವಳಿಗೆ ನಂಬಿಕೆಯಿತ್ತು. ಹೆಂಡತಿಯ ಪರ ಆಡದ ಮಾತನ್ನು ತಾಯಿಯ ಪರ ಆಡಿಯಾನು ಎಂದು. ಅಕಿನಾಡೆ ಮಗಳನ್ನು ನೋಡುತ್ತಿದ್ದ. ಡೊಲಾಪೊ ತಂದೆಯ ಕಾಲ ಬಳಿ ಮಂಡಿಯೂರಿದ್ದಳು.

"ಅಪ್ಪ, ಒಂದು ಮಧ್ಯಾಹ್ನದ ಮಾತು. ಆಮೇಲೆ ನೀನು ಅಜ್ಜಿಗೇ ಮಗ. ನನಗೆ ಇನ್ನೊಂದು ಸಲ ಕೂತು ಬೇರೆಯವರ ಮದುವೆ ಬಟ್ಟೆ ಹೊಲಿಯೋ ಶಕ್ತಿ ಇಲ್ಲ."

"ಒಂದು ಮಧ್ಯಾಹ್ನ," ಎಂದ ಅಕಿನಾಡೆ.

"ರೀ," ಎಂದಳು ವುರಾ.

"ಬೆಂಕಿ ಹಚ್ಚಿದೋಳು ನೀನು. ಆರಿಸೋಕೆ ನೀರು ತರೋರನ್ನ ತಡೀಬೇಡ."

ವುರಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಡುನ್ನಿ ಒಗ್ಬೊಮೊಶೊಗೆ ಈ ಮಾತು ಮುಟ್ಟಿಸಿದ ಮೇಲೆ, ಎರಡು ಮನೆಯವರು ಪರಿಚಯವಾಗುವ ಶಾಸ್ತ್ರ ಶನಿವಾರ ಇಟ್ಟರು. ಒಗ್ಬೊಮೊಶೊದವರು ಸಂಬಂಧ ಒಪ್ಪಿದಾಗ ಒಡೆದು ಹಂಚುವ ಕೋಲಾ ಕಾಯಿ, ಜೇನು, ದೊಡ್ಡ ದೊಡ್ಡ ಗೆಣಸು ಹೊರಿಸಿಕೊಂಡು ಬಂದರು. ನಿಯಿ ಮತ್ತು ಅವನ ಗೆಳೆಯರು ಅಂಗಳದಲ್ಲಿ ಎದೆ ನೆಲಕ್ಕೆ ತಾಗಿಸಿ ಉದ್ದಕ್ಕೆ ಮಲಗಿ ನಮಸ್ಕರಿಸಿದರು. ಹೊಸ ಅಂಗಿಗಳೆಲ್ಲ ಧೂಳಾಯಿತು, ಎಲ್ಲರೂ ನಕ್ಕರು. ಅಜ್ಜಿಯನ್ನು ಹಿಂದಿನ ಕೋಣೆಯಲ್ಲೇ ಕೂರಿಸಿ ಮುಂದೆ ಹುರಿದ ಬಾಳೆಹಣ್ಣು ಇಟ್ಟಿದ್ದರು. ಅವಳು ತಿಂದು ಮುಗಿಸಿ, ಸದ್ದು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಬಂದಳು. ಉಟ್ಟ ಅಡಿರೆ ಒಳಹೊರಗಾಗಿತ್ತು. ನಿಯಿಯ ಗೆಳೆಯನೊಬ್ಬ ಎದ್ದು ತನ್ನ ಕುರ್ಚಿ ಕೊಟ್ಟ, ಅವಳು ಕೂತ ಮೇಲೆ ಅವಳ ಕಾಲಡಿಯ ಕಲ್ಲು ಸರಿಸಿದ.

"ಇವರೇನಾ ಹಿರಿಯರು?" ನಿಯಿಯ ತಾಯಿ ಕೇಳಿದಳು.

ಅಕಿನಾಡೆ ಎದ್ದು ನಿಂತ. ಮೇಷ್ಟ್ರ ದನಿ, ಅಂಗಳದ ಕೊನೆಗೂ ಕೇಳಿಸುವಂಥದ್ದು.

"ಇವರು ನಮ್ಮ ತಂದೆಯ ದೊಡ್ಡ ಹೆಂಡತಿ. ನಮ್ಮನ್ನೆಲ್ಲ ಪ್ರೀತಿಯಿಂದ ನೋಡ್ಕೊಂಡೋರು. ನನ್ನ ಹೆತ್ತ ತಾಯಿ ಅಸಾಬಿ. ಅವರು ತೀರಿಕೊಂಡು ಬಹಳ ಕಾಲ ಆಯ್ತು."

ನಿಯಿಯ ತಾಯಿ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ವುರಾಳ ಪಕ್ಕಕ್ಕೆ ಸರಿದು ಕೂತಳು. ಗಂಡಸರ ಮಾತು ಗಂಡಸರಿಗೆ, ಹೆಂಗಸರು ನಂಬುವುದು ಹೆಂಗಸರ ಮಾತನ್ನೇ.

"ಡೊಲಾಪೊ ಅಮ್ಮ, ನೀವು ಮದುಮಗಳಾಗಿ ಬಂದ ದಿನ ಹೊಸ್ತಿಲಲ್ಲಿ ನಿಮ್ಮ ಕಾಲು ತೊಳೆದವರು ಯಾರು?"

ಹೊಸ ಸೊಸೆಯ ಕಾಲನ್ನು ಹುಡುಗನ ಹೆತ್ತ ತಾಯಿಯೇ ತೊಳೆದು ಒಳಗೆ ಕರೆದುಕೊಳ್ಳುವುದು ಅವರ ಮನೆತನಗಳಲ್ಲಿ ನಡೆದುಬಂದದ್ದು. ವುರಾಗೆ ನೆನಪಿತ್ತು. ಆ ದಿನ ಕಾಲಲ್ಲಿ ಹೊಸ ಚಪ್ಪಲಿ ಕಚ್ಚಿ ಗುಳ್ಳೆಯಾಗಿತ್ತು. ಮೊರೆನಿಕೆ ಅದನ್ನು ನೋಡಿ, ತಣ್ಣೀರನ್ನು ಪಕ್ಕಕ್ಕಿಟ್ಟು, ಬೆಚ್ಚಗಿನ ನೀರು ತರಿಸಿ, ನೀಲಿ ಹತ್ತಿದ ಬೆರಳುಗಳಿಂದ ಗುಳ್ಳೆಯ ಸುತ್ತ ಸುತ್ತ, ಮುಟ್ಟದಂತೆ ತೊಳೆದಿದ್ದಳು. ಬಂದವರೆಲ್ಲ ಕಾದು ನಿಂತಿದ್ದರು. "ಕಾಯಲಿ ಬಿಡು," ಎಂದಿದ್ದಳು.

ಅಂಗಳದಾಚೆ ಡೊಲಾಪೊ ತಾಯಿಯನ್ನೇ ನೋಡುತ್ತಿದ್ದಳು.

"ಅಸಾಬಿಯವರು," ಎಂದಳು ವುರಾ.

"ಒಳ್ಳೆ ಕೈಗುಣ ಇತ್ತಾ?"

"ಇತ್ತು."

ನಿಯಿಯ ತಾಯಿ ಅವಳ ಮೊಣಕಾಲು ತಟ್ಟಿ, ಗಂಡಸರ ಕಡೆ ತಿರುಗಿ, ಕೋಲಾ ಕಾಯಿ ಒಡೆಯಿರಿ ಎಂದು ಸನ್ನೆ ಮಾಡಿದಳು.

ಆಗ ಅಳು ಕೇಳಿಸಿತು. ಮೊರೆನಿಕೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅಕಿನಾಡೆಯನ್ನು ನೋಡುತ್ತ ಅಳುತ್ತಿದ್ದಳು. ಕಚ್ಚುವ, ಹೊಡೆಯುವ ಮುಖವಲ್ಲ ಅದು. ತಿಂಗಳುಗಳಿಂದ ಆ ಮುಖವನ್ನು ಮನೆಯವರು ಯಾರೂ ಕಂಡಿರಲಿಲ್ಲ.

"ನಿನ್ನ ತಾಯಿ ಹೋಗಿಬಿಟ್ಟಳಾ ಮಗ? ಯಾವಾಗ? ನನಗೆ ಯಾರೂ ಹೇಳಲೇ ಇಲ್ಲವಲ್ಲ."

ಅವಳು ಅಕಿನಾಡೆಯ ಕಡೆ ಕೈ ಚಾಚಿದಳು.

"ಊಟ ಯಾರು ಹಾಕ್ತಾರೆ ನಿನಗೆ? ಬಾ ಇಲ್ಲಿ. ಅಳಬೇಡ. ನಾನಿದ್ದೀನಿ, ನನ್ನ ಮನೇಲಿ ಇರು. ನಾನೂ ಒಂಟಿ." ಎದ್ದು ಅವನ ಹತ್ತಿರ ಬಂದು, ತನ್ನ ತಟ್ಟೆಗೆ ಯಾರೋ ಹಾಕಿದ್ದ ಮಾಂಸದ ತುಂಡನ್ನು ಅವನ ಬಾಯಿಗೆ ಹಿಡಿದಳು. ಐವತ್ತೆಂಟು ವರ್ಷದ ಮೇಷ್ಟ್ರು ಬೀಗರ ಮುಂದೆ ಬಾಯಿ ತೆರೆದ. ಜಗಿದು ನುಂಗಿದ.

"ನೋಡಿ, ಹೆತ್ತೋಳೇ ಇಷ್ಟು ಮಾಡಲ್ಲ," ಎಂದಳು ನಿಯಿಯ ತಾಯಿ, ಕಣ್ಣೊರೆಸಿಕೊಳ್ಳುತ್ತ. "ಸವತಿಯ ಮಗನ ಮೇಲೆ ಈ ಪ್ರೀತಿ. ಇಂಥ ಮನೆಯಿಂದ ಹೆಣ್ಣು ತರೋಕೆ ಪುಣ್ಯ ಬೇಕು."

ಒಂದು ಮಧ್ಯಾಹ್ನದ ಮಾತು ಒಂದು ಮಧ್ಯಾಹ್ನಕ್ಕೆ ಮುಗಿಯಲಿಲ್ಲ. ಮದುವೆ ತನಕ ಬೀಗರು ಹೋಗಿಬಂದು ಮಾಡುವವರು, ಬಾಯಿ ತಪ್ಪುವಂತಿರಲಿಲ್ಲ. ಅಕಿನಾಡೆ ತಾಯಿಯನ್ನು ಅಮ್ಮ ಎಂದು ಕರೆಯುವಾಗಲೂ ಒಂದು ಕ್ಷಣ ತಡೆಯತೊಡಗಿದ. ಆಮೇಲೆ ಕರೆಯುವುದನ್ನೇ ಕಡಿಮೆ ಮಾಡಿದ. ಕಿತ್ತಳೆ ಸುಲಿಯುವ ಕೆಲಸ ವುರಾಳ ಪಾಲಿಗೆ ಬಂತು. ಆಶ್ಚರ್ಯವೆಂದರೆ ಸಂಜೆಯ ರಂಪ ತಗ್ಗಿತ್ತು. ಅಜ್ಜಿ ಬಟ್ಟೆ ಹರವುವುದನ್ನು ಬಿಟ್ಟು ತಾಯಿ ಸತ್ತ ಆ ಹುಡುಗನಿಗಾಗಿ ಕೊರಗುತ್ತಿದ್ದಳು. ಅವನು ಉಂಡನೇ, ಅವನಿಗೆ ಹೊದಿಕೆ ಇದೆಯೇ, ಅವನ ತಾಯಿಯ ಮಣ್ಣು ಯಾವತ್ತು. ಅಡುನ್ನಿ ಭಾನುವಾರ ಅದನ್ನು ನೋಡಿ, "ರಕ್ತದ ಕಾಯಿಲೆಗೆ ಒಳ್ಳೆ ಔಷಧಿ ಕೊಟ್ಟೆ ನೋಡು," ಎಂದು ನಕ್ಕಳು. ಬಮಿಸೆ ಮತ್ತೊಮ್ಮೆ ರಕ್ತ ತೆಗೆಯಬೇಕೆಂದು ಬಂದಿದ್ದಳು. ಅಕಿನಾಡೆ ಅವಳನ್ನು ಬಾಗಿಲಿಂದಲೇ ಕಳಿಸಿದ.

ಮದುವೆಗೆ ಎರಡು ಕುಟುಂಬದ ಹೆಂಗಸರೂ ಒಂದೇ ಥರದ ಬಟ್ಟೆ ಉಡಬೇಕು. ಅದನ್ನು ಆರಿಸಲು ನಿಯಿಯ ತಾಯಿ ಬಂದ ದಿನ ಮೊದಲ ಮಳೆ ಬಿದ್ದು ಧೂಳು ಅಡಗಿತ್ತು. ನಡುಮನೆಯಲ್ಲಿ ಅಡುನ್ನಿ ಥಾನು ಥಾನು ಬಿಚ್ಚಿ ತೋರಿಸುತ್ತಿದ್ದಳು. ಡೊಲಾಪೊ ನಗುತ್ತಿದ್ದಳು. ವುರಾ ಜಗಲಿಯಲ್ಲಿ ಅತ್ತೆಯನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ಬೆಳ್ಳಗಿನ ತೆಳು ಕೂದಲಿಗೆ ಎಣ್ಣೆ ಹಚ್ಚಿ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ಬಾಗಿಲು ತೆರೆದೇ ಇತ್ತು.

"ಮಗಳೇ," ಎಂದಳು ಮೊರೆನಿಕೆ, "ನಿನ್ನ ಕೈ ಮೆತ್ತಗಿದೆ. ಒಂದು ಮಾತು ಕೇಳ್ಲಾ? ಬೈಬಾರದು."

"ಕೇಳಿ ಅತ್ತೆ."

"ನನಗೂ ಒಬ್ಬ ಮಗ ಇದ್ದ ಹಾಗೆ ಆಗುತ್ತೆ. ಇದ್ದನಾ?"

ವುರಾಳ ಬೆರಳು ನಿಂತವು. ಒಳಗೆ ಬಟ್ಟೆ ಮಡಿಸುವ ಸದ್ದೂ ನಿಂತಂತಾಯಿತು. ನಿಯಿಯ ತಾಯಿ ಕೂತಿದ್ದದ್ದು ಬಾಗಿಲ ಪಕ್ಕದಲ್ಲೇ.

"ಇಲ್ಲ ಅತ್ತೆ."

"ಸರಿಯಾಗಿ ಯೋಚನೆ ಮಾಡಿ ಹೇಳು."

"ಇರಲಿಲ್ಲ."

ಮೊರೆನಿಕೆಯ ಬೆನ್ನು ಸಡಿಲವಾಯಿತು. ತಲೆಯನ್ನು ಸೊಸೆಯ ಮೊಣಕಾಲಿಗೆ ಆನಿಸಿದಳು.

"ಒಳ್ಳೇದಾಯ್ತು," ಎಂದಳು. "ಇದ್ದಿದ್ರೆ ಪಾಪ, ನನ್ನ ಹುಡುಕ್ಕೊಂಡು ಬಿಸಿಲಲ್ಲಿ ಅಲೀತಿರ್ತಿದ್ದ."

ಒಳಗೆ ಅಕಿನಾಡೆ ಬೀಗಿತ್ತಿಗೆ ಬಟ್ಟೆಯ ಬಣ್ಣದ ಬಗ್ಗೆ ಏನೋ ಹೇಳುತ್ತಿದ್ದ. ಅವನ ದನಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.